ಗ್ರಾಫಿನಲ್ಲಿ ಕಂಡ ನಡಿಗೆ

ಮೇಧಾಳಿಗೆ ಆಕಾಶದ ಹುಚ್ಚು ಹಿಡಿದದ್ದು ಒಂದು ಎಮ್ಮೆಯ ದೆಸೆಯಿಂದ. ಅವಳು ದನದ ಡಾಕ್ಟರು. ಹೊಸನಗರದಾಚೆ ಹಿನ್ನೀರಿನ ಅಂಚಿನ ಒಂದು ಮನೆಯಲ್ಲಿ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡು, ಅದನ್ನು ತಿರುಗಿಸಿ ಹೊರಗೆ ತರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಕರೆಂಟು ಇರಲಿಲ್ಲ. ತೋಳು ತೊಳೆಯಲು ಅಂಗಳಕ್ಕೆ ಬಂದವಳು ತಲೆ ಎತ್ತಿದಳು, ಅಷ್ಟೇ. ಮನೆಯವರು ಚೊಂಬಿನಿಂದ ನೀರು ಸುರಿಯುತ್ತಲೇ ಇದ್ದರು, ಇವಳು ಕೈ ಒಡ್ಡಿಕೊಂಡು ಹಾಗೇ ನಿಂತಿದ್ದಳು. "ಎಂತಾಯ್ತು ಡಾಕ್ಟ್ರಮ್ಮ?" ಎಂದು ಅವರು ಗಾಬರಿಯಿಂದ ಕೇಳಿದ ಮೇಲೆಯೇ ಅವಳಿಗೆ ಮೈಮೇಲೆ ಎಚ್ಚರ ಬಂದದ್ದು.

ಅವಳು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಅರಳಸುರಳಿಯಲ್ಲಿ. ಅಲ್ಲಿ ಆಕಾಶವೆಂದರೆ ಮರದ ತುದಿಗಳ ನಡುವೆ ಸಿಕ್ಕಷ್ಟು. ಇಲ್ಲಿ ನೀರಿನ ಮೇಲೆ ಅದು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಪೂರ್ತಿಯಾಗಿ ಹರಡಿಕೊಂಡಿತ್ತು. ಆ ವರ್ಷವೇ ಅವಳು ಒಂದು ಟೆಲಿಸ್ಕೋಪು ಕೊಂಡಳು. ಭೂಮಿ ತಿರುಗಿದಂತೆಲ್ಲ ಟೆಲಿಸ್ಕೋಪನ್ನು ಎದುರು ದಿಕ್ಕಿಗೆ ಮೆಲ್ಲಗೆ ತಿರುಗಿಸುವ ಮೋಟಾರಿನ ಮೌಂಟನ್ನೂ ಕೊಂಡಳು. ಕ್ಯಾಮೆರಾ ಜೋಡಿಸಿ ಸಪ್ತರ್ಷಿ ಮಂಡಲದ ಬಾಲದ ಹತ್ತಿರವಿರುವ ಸುಳಿಯಾಕಾರದ ಗ್ಯಾಲಕ್ಸಿಗೆ ಗುರಿಯಿಟ್ಟಳು. ಅರ್ಧ ನಿಮಿಷದ ಚಿತ್ರ ತೆಗೆದರೆ ನಕ್ಷತ್ರಗಳು ಚುಕ್ಕಿಯಾಗಿಯೇ ಬರುತ್ತಿದ್ದವು, ಆದರೆ ಗ್ಯಾಲಕ್ಸಿ ಒರೆಸಿದ ಕಲೆಯ ಹಾಗೆ ಮಸುಕು. ಬೆಳಕು ಇನ್ನಷ್ಟು ಕೂಡಲಿ ಎಂದು ಹೊತ್ತು ಹೆಚ್ಚಿಸಿದರೆ ನಕ್ಷತ್ರಗಳೆಲ್ಲ ಅಕ್ಕಿಕಾಳಿನಂತೆ ಉದ್ದವಾಗುತ್ತಿದ್ದವು.

ಅವಳ ಚಿಕ್ಕಮ್ಮನ ಮಗ ಸುಘೋಷ ಸಾಗರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ. ಮದುವೆ ಫೋಟೋ ಹೊಟ್ಟೆಪಾಡಿಗೆ, ಆಕಾಶದ ಫೋಟೋ ಖುಷಿಗೆ. ಅವಳ ಚಿತ್ರ ನೋಡಿ ಅವನು ನಕ್ಕುಬಿಟ್ಟ.

"ಮೋಟಾರನ್ನು ಅದರ ಪಾಡಿಗೆ ಬಿಟ್ಟರೆ ಹೀಗೇ ಮಾರಾಯ್ತಿ. ಹಲ್ಲುಚಕ್ರ ಎಷ್ಟೇ ನಯವಾಗಿದ್ದರೂ ಒಂಚೂರು ಹಿಂದೆ ಮುಂದೆ ಆಗ್ತದೆ. ಅದಕ್ಕೊಂದು ಕಾವಲು ಬೇಕು. ಆಟೋಗೈಡಿಂಗ್ ಅಂತಾರೆ."

"ಕಾವಲು ಅಂದರೆ ಎಂತದು ಸುಘೋಷಣ್ಣ?"

ಅವನು ಕಪಾಟಿನಿಂದ ಒಂದು ಪುಟ್ಟ ಟೆಲಿಸ್ಕೋಪು ತೆಗೆದ. ಅಂಗೈಯಷ್ಟು ಉದ್ದ, ಬಾಲಕ್ಕೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ. "ಇದನ್ನು ನಿನ್ನ ದೊಡ್ಡ ಟೆಲಿಸ್ಕೋಪಿನ ಬೆನ್ನ ಮೇಲೆ ಕೂರಿಸು. ಇದು ಫೋಟೋ ತೆಗಿಯೋದಕ್ಕಲ್ಲ, ಯಾವುದಾದರೂ ಒಂದೇ ನಕ್ಷತ್ರವನ್ನು ದಿಟ್ಟಿಸ್ತಾ ಇರೋದಕ್ಕೆ. ಆ ನಕ್ಷತ್ರ ಕೂದಲೆಳೆಯಷ್ಟು ಸರಿದರೂ ಲ್ಯಾಪ್‌ಟಾಪಿಗೆ ಗೊತ್ತಾಗ್ತದೆ, ಅದು ಮೋಟಾರಿಗೆ ಹೇಳಿ ಸರಿಮಾಡಿಸ್ತದೆ. ನೀನು ಸುಮ್ಮನೆ ಕೂತಿದ್ದರೆ ಆಯ್ತು. ಸುಮ್ಮನೆ ಅಂದರೆ ಸುಮ್ಮನೆ. ಹತ್ತಿರ ಓಡಾಡಿದರೂ ಅದಕ್ಕೆ ಗೊತ್ತಾಗ್ತದೆ."

ಮೊದಲ ಸಲ ಕಲಿಸಿಕೊಡಲು ಅವನೇ ಬಂದ. ಏಪ್ರಿಲ್ ಕೊನೆ. ಹಿನ್ನೀರು ಇಳಿದು ಮೈಲಿಗಟ್ಟಲೆ ಕೆಂಪು ನೆಲ ಬಿಟ್ಟುಕೊಂಡಿತ್ತು. ಅರವತ್ತು ಚಿಲ್ಲರೆ ವರ್ಷ ನೀರಿನಲ್ಲಿ ನಿಂತ ಮರಗಳ ಬೊಡ್ಡೆಗಳು ಕರ್ರಗೆ ಅಲ್ಲಲ್ಲಿ ಎದ್ದಿದ್ದವು. ಮೇಧಾ ಆ ಜಾಗ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮೌಂಟನ್ನು ಮೊದಲು ಧ್ರುವನಕ್ಷತ್ರಕ್ಕೆ ಸರಿಯಾಗಿ ನಿಲ್ಲಿಸಬೇಕು. ನಮ್ಮ ಸೀಮೆಯಲ್ಲಿ ಧ್ರುವ, ಕೈ ಚಾಚಿ ಅಳೆದರೆ, ನೆಲದಂಚಿನಿಂದ ಒಂದೂವರೆ ಮುಷ್ಟಿಯಷ್ಟು ಮೇಲಿರುತ್ತದೆ ಅಷ್ಟೇ, ಎಲ್ಲಿ ನಿಂತರೂ ಮರವೋ ಗುಡ್ಡವೋ ಮುಚ್ಚಿಬಿಡುತ್ತದೆ. ಇಲ್ಲಿ ಉತ್ತರಕ್ಕೆ ಬರೀ ನೀರು.

ಕತ್ತಲು ಕೂಡಿದ ಮೇಲೆ ಸುಘೋಷ ಲ್ಯಾಪ್‌ಟಾಪಿನಲ್ಲಿ ಒಂದು ನಕ್ಷತ್ರದ ಮೇಲೆ ಒತ್ತಿದ. ಮೌಂಟು ತನ್ನಷ್ಟಕ್ಕೇ ಒಂಚೂರು ಪಶ್ಚಿಮಕ್ಕೆ, ಒಂಚೂರು ಉತ್ತರಕ್ಕೆ ಮೈ ಸರಿಸಿ, ಮತ್ತೆ ಹಿಂದಕ್ಕೆ ಬಂತು. "ಎಷ್ಟು ತಳ್ಳಿದರೆ ನಕ್ಷತ್ರ ಎಷ್ಟು ಸರೀತದೆ ಅಂತ ಲೆಕ್ಕ ಹಾಕ್ಕೊಳ್ತಾ ಇದೆ," ಎಂದ. ಆಮೇಲೆ ಪರದೆಯ ಮೇಲೆ ಎರಡು ಗೆರೆ ಮೂಡಿದವು, ಒಂದು ಕೆಂಪು, ಒಂದು ನೀಲಿ. ಎರಡೂ ನಡುಗೆರೆಯನ್ನು ಹಿಡಿದು ಸಣ್ಣಗೆ ಕಂಪಿಸುತ್ತ ಮುಂದೆ ಹೋಗತೊಡಗಿದವು. ಐದು ನಿಮಿಷದ ಮೊದಲ ಚಿತ್ರ ಪರದೆಗೆ ಬಂದಾಗ ಮೇಧಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಕ್ಷತ್ರಗಳೆಲ್ಲ ಸಾಸಿವೆಯಂತೆ ದುಂಡಗೆ. ನಡುವೆ ಆ ಸುಳಿ, ಅದರ ಎರಡು ತೋಳು, ಒಂದು ತೋಳಿನ ತುದಿಗೆ ಅಂಟಿಕೊಂಡ ಇನ್ನೊಂದು ಸಣ್ಣ ಗ್ಯಾಲಕ್ಸಿ, ಎಲ್ಲವೂ ಇತ್ತು.

ಎರಡನೆಯ ಚಿತ್ರ ಅರ್ಧವಾಗಿತ್ತು. ಗೆರೆ ಥಟ್ಟನೆ ಮೇಲೆ ಹಾರಿ ಕೆಳಗೆ ಬಂತು.

"ಕಾಲು ಅಲ್ಲಾಡಿಸಬೇಡ," ಎಂದ ಸುಘೋಷ.

"ನಾನೆಲ್ಲಿ ಅಲ್ಲಾಡಿಸಿದೆ?"

ಗೆರೆ ಮತ್ತೆ ಹಾರಿತು. ಸ್ವಲ್ಪ ತಡೆದು ಇನ್ನೊಮ್ಮೆ. ಇಬ್ಬರೂ ಕುರ್ಚಿಯ ಮೇಲೆ ಕಾಲು ಮಡಿಸಿ ಕುಳಿತರು. ಗೆರೆಯ ನೆಗೆತ ನಿಲ್ಲಲಿಲ್ಲ, ಒಂದಕ್ಕಿಂತ ಒಂದು ಎತ್ತರವಾಗುತ್ತ ಬಂದು, ಆಮೇಲೆ ಹಾಗೆಯೇ ಇಳಿಯುತ್ತ ಇಳಿಯುತ್ತ ಇಲ್ಲವಾಯಿತು. ಚಿತ್ರ ಹಾಳಾಗಿತ್ತು. ಪ್ರತಿಯೊಂದು ನಕ್ಷತ್ರದ ಪಕ್ಕಕ್ಕೂ ಅದರದೇ ನೆರಳಿನಂತೆ ಇನ್ನೊಂದು.

ಸುಘೋಷ ಕೇಬಲ್ಲು ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಿದ, ಮೌಂಟಿನ ಸಮತೂಕ ನೋಡಿದ, ಗಾಳಿ ಇದೆಯೇ ಎಂದು ಬೆರಳು ಒದ್ದೆ ಮಾಡಿ ಎತ್ತಿದ. ಗಾಳಿಯಿರಲಿಲ್ಲ. "ಕೆಸರು ನೆಲ ಅಲ್ವಾ, ಕೂರ್ತಾ ಇರ್ತದೆ. ಮುಂದಿನ ಸಲ ಗಟ್ಟಿ ಜಾಗ ನೋಡು," ಎಂದು ಹೇಳಿ ಸಾಮಾನು ಕಟ್ಟಿದ. ಹೊರಡುವಾಗ ಅವನು ಯಾಕೋ ಎರಡು ಸಲ ನೀರಿನ ಕಡೆ ತಿರುಗಿ ನೋಡಿದ.

ಮಾರನೆಯ ವಾರ ಮೇಧಾ ಒಬ್ಬಳೇ ಹೋದಳು. ಹಗಲಿನಲ್ಲೇ ಅಡ್ಡಾಡಿ ಒಂದು ದೊಡ್ಡ ಕಲ್ಲುಚಪ್ಪಡಿ ಹುಡುಕಿದ್ದಳು. ನೆಲದಲ್ಲಿ ಅರ್ಧ ಹೂತು, ಮೇಲ್ಮೈ ಸವೆದು ನುಣ್ಣಗಾಗಿತ್ತು. ಟ್ರೈಪಾಡಿನ ಮೂರು ಕಾಲನ್ನೂ ಅದರ ಮೇಲೆ ಊರಿದಳು. ಅಂದು ಗೆರೆಗಳು ಎಣ್ಣೆ ಹಚ್ಚಿದ ಹಾಗೆ ಹರಿದವು. ಎರಡು ಒಳ್ಳೆಯ ಚಿತ್ರ ಬಂದವು. ಮೂರನೆಯದಕ್ಕೆ ಗೆರೆ ಹಾರಿತು.

ಅವಳು ಜೀಪಿನಲ್ಲಿ ಕುಳಿತಿದ್ದಳು, ಲ್ಯಾಪ್‌ಟಾಪು ತೊಡೆಯ ಮೇಲೆ. ಹೆದರಿಕೆಗಿಂತ ಮೊದಲು ಅವಳಿಗೆ ಬಂದದ್ದು ಡಾಕ್ಟರಿಕೆಯ ಕುತೂಹಲ. ದನ ಇರಬಹುದು ಎಂದುಕೊಂಡಳು. ಬೇಸಿಗೆಯಲ್ಲಿ ಎಮ್ಮೆಗಳು ನೀರಿನಂಚಿಗೆ ಬಂದು ಮಲಗುತ್ತವೆ. ಆದರೆ ನಾಲ್ಕು ಕಾಲಿನ ಪ್ರಾಣಿಯ ನಡಿಗೆ ಹೀಗಿರುವುದಿಲ್ಲ. ಇದು ಒಂದು, ತಡೆದು ಇನ್ನೊಂದು. ನೋಡುತ್ತ ನೋಡುತ್ತ ಅವಳ ಕಣ್ಣು ಕಿರಿದಾಯಿತು. ಒಂದು ನೆಗೆತ ಎತ್ತರ, ಮರುನೆಗೆತ ಗಿಡ್ಡ. ಮತ್ತೆ ಎತ್ತರ, ಮತ್ತೆ ಗಿಡ್ಡ. ಗೊರಸು ಕೊಳೆತ ಹಸುವನ್ನು ಅಂಗಳದಲ್ಲಿ ನಡೆಸಿ ನೋಡುವಾಗ ಕಿವಿಗೆ ಕೇಳುವ ಲಯವೇ ಅದು. ನೋವಿಲ್ಲದ ಕಾಲಿಗೆ ಭಾರ ಪೂರ್ತಿ ಬೀಳುತ್ತದೆ, ನೋವಿನ ಕಾಲಿಗೆ ಅರ್ಧ.

ಎರಡು ಕಾಲು. ಒಂದು ಕುಂಟು.

ಅವಳು ಟಾರ್ಚು ಹಾಕಿದಳು. ಬೆಳಕು ಚಪ್ಪಡಿಯ ಮೇಲೆ, ಟೆಲಿಸ್ಕೋಪಿನ ಮೇಲೆ, ಬೊಡ್ಡೆಗಳ ಮೇಲೆ ಹರಿದು ನೀರಿನ ಮೇಲೆ ಸತ್ತಿತು. ಯಾರೂ ಇರಲಿಲ್ಲ. ಸಪ್ಪಳವೂ ಇರಲಿಲ್ಲ, ಕಪ್ಪೆ ಕೂಡ ವಟಗುಟ್ಟುತ್ತಿರಲಿಲ್ಲ. ಪರದೆಯ ಮೇಲೆ ಮಾತ್ರ ಹೆಜ್ಜೆ ಏರುತ್ತ ಬಂದು ಟ್ರೈಪಾಡಿನ ಪಕ್ಕದಲ್ಲೇ ಎಂಬಂತೆ ಗೆರೆ ಮೇಲಂಚಿಗೆ ಬಡಿದು, ಆಚೆಗೆ ಇಳಿಯಿತು.

ಎಲ್ಲ ಅಡಗಿದ ಮೇಲೆ ಅವಳು ಜೀಪಿನಿಂದ ಇಳಿದಳು. ಬೇರೆ ಯಾರಾದರೂ ಆಗಿದ್ದರೆ ಗಾಡಿ ಚಾಲೂ ಮಾಡಿ ಹೊರಟುಬಿಡುತ್ತಿದ್ದರೋ ಏನೋ. ಇವಳಿಗೆ ರೋಗ ತಿಳಿಯದೆ ಕೊಟ್ಟಿಗೆ ಬಿಟ್ಟು ಗೊತ್ತಿಲ್ಲ. ಚಪ್ಪಡಿಯ ಪಕ್ಕ ಸಾಧಾರಣವಾಗಿ ನಡೆದು ಬಂದು ಗ್ರಾಫು ನೋಡಿದಳು. ತನ್ನ ಹೆಜ್ಜೆಗಳು ಒಂದರೊಳಗೊಂದು ಸೇರಿ ಬರೀ ಗೀಚು. ನಿಧಾನವಾಗಿ ನಡೆದಳು. ಆಗಲೂ ಹೊಂದಲಿಲ್ಲ. ಇನ್ನೂ ನಿಧಾನ, ಒಂದು ಕಾಲನ್ನು ಎತ್ತಿ, ಮುಂದಿಟ್ಟು, ಉಸಿರೆಳೆದುಕೊಂಡು, ಇನ್ನೊಂದನ್ನು ಎಳೆದು. ಅಷ್ಟು ನಿಧಾನವಾಗಿ ಯಾರು ನಡೆಯುತ್ತಾರೆ? ಸೊಂಟದ ಮಟ್ಟದ ನೀರಿನಲ್ಲಿ ಮನುಷ್ಯರು ನಡೆಯುವುದು ಹಾಗೆ ಎಂದು ಅವಳಿಗೆ ಹೊಳೆದದ್ದು ಆಗ. ಬಲಗಾಲನ್ನು ಎಳೆಯುತ್ತ, ನೀರಿಲ್ಲದ ನೆಲದ ಮೇಲೆ ನೀರನ್ನು ಸೀಳುವವಳಂತೆ ನಡೆದು ಬಂದು ಪರದೆ ನೋಡಿದಳು. ತನ್ನ ನಡಿಗೆಯೂ ಮೊದಲಿನ ಆ ನಡಿಗೆಯೂ ಒಂದರ ಪಕ್ಕ ಒಂದು ಕೂತಿದ್ದವು. ಅಚ್ಚು ಒತ್ತಿದ ಹಾಗೆ ಒಂದೇ.

ಆಗ ಅವಳಿಗೆ ಹೆದರಿಕೆ ಹುಟ್ಟಿತು. ಮೌಂಟು ಬಿಚ್ಚುವಾಗ ಸ್ಕ್ರೂ ಕೈಯಿಂದ ಜಾರಿ ಬಿತ್ತು, ಹುಡುಕಲಿಲ್ಲ.

ಆದರೂ ಮಾರನೆಯ ದಿನ ಹೋದಳು. ಚಪ್ಪಡಿಯಿಂದ ಕೆಳಗೆ, ನೀರಿಗೆ ಹತ್ತಿರ ಟ್ರೈಪಾಡು ಇಟ್ಟಳು. ಅಂದು ಹೆಜ್ಜೆಗಳು ಬೇಗ ಶುರುವಾದವು. ಇನ್ನೊಂದು ದಿನ ದಂಡೆಯ ಮೇಲಕ್ಕೆ ಬಂದು ನಿಲ್ಲಿಸಿದಳು. ತೀರಾ ತಡವಾಗಿ, ಬಹಳ ಸಣ್ಣಗೆ ಬಂದು, ಹತ್ತಿರವಾಗುವ ಮೊದಲೇ ಹಿಂದೆ ತಿರುಗಿದವು. ನಡೆಯುವವನು ನೀರಿನಿಂದ ಬರುತ್ತಿದ್ದ. ಚಪ್ಪಡಿ ದಾಟಿ ಸ್ವಲ್ಪ ದೂರ ಬರುತ್ತಿದ್ದ. ಏನನ್ನೋ ಹುಡುಕಿ, ಕಾಣದೆ ವಾಪಸು ಹೋಗುತ್ತಿದ್ದ.

ಸುಘೋಷನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ಮೇಧಾ, ಅವತ್ತೇ ನನಗೆ ಯಾರೋ ನಡೆದ ಹಾಗನ್ನಿಸಿತ್ತು. ಹೇಳಿದರೆ ನೀನು ನಗ್ತೀಯ ಅಂತ ಸುಮ್ಮನಾದೆ. ಆ ಜಾಗ ಬಿಡು. ಹುಂಚದ ಕಡೆ ಒಳ್ಳೇ ಬಯಲಿದೆ, ಅಲ್ಲಿಗೆ ಹೋಗುವ," ಎಂದ.

ಅವಳು ಹೂಂ ಎಂದಳು. ಆದರೆ ಹೋಗಲಿಲ್ಲ.

ಅದೇ ವಾರ ಹೂವಯ್ಯನ ಮನೆಯಿಂದ ಕರೆ ಬಂತು. ದಂಡೆಯ ಮೇಲಿನ ಊರಿನಲ್ಲಿ ಅವನದು ಮೊದಲ ಮನೆ. ಎಪ್ಪತ್ತು ದಾಟಿದ ಮುದುಕ, ಗಟ್ಟಿ ಆಳು. ಮಗ ಸೊಸೆಯ ಜೊತೆ ಇದ್ದ. ಸೊಸೆ ಬಿಂದುಶ್ರೀ ಹಸುವಿನ ಮೂಗುದಾರ ಹಿಡಿದಳು, ಮೇಧಾ ಅದರ ಹಿಂಗಾಲು ಎತ್ತಿಸಿ ಗೊರಸಿನ ಸಂದು ತೊಳೆಯತೊಡಗಿದಳು. ಕೆಲಸ ಮಾಡುತ್ತಲೇ ಕೇಳಿದಳು, "ಹೂವಯ್ಯನವರೇ, ಕೆಳಗೆ ನೀರಿನ ಹತ್ತಿರ ಒಂದು ದೊಡ್ಡ ಚಪ್ಪಡಿ ಇದೆಯಲ್ಲ, ಅದು ಎಂತದ್ದು?"

"ಅದಾ? ಅದು ಹಳ್ಳದ ಸಂಕ ಡಾಕ್ಟ್ರಮ್ಮ. ಹಳ್ಳ ದಾಟೋಕೆ ಅಡ್ಡ ಹಾಕಿದ ಕಲ್ಲು. ಈಗ ಹಳ್ಳ ಹೂತು ಹೋಗಿದೆ. ಅಲ್ಲಿಂದ ಕೆಳಗೆ ನಮ್ಮೂರು, ಮಾವಿನಸರ. ನಾನು ಹುಟ್ಟಿದ್ದು ಅಲ್ಲೇ. ಡ್ಯಾಮಿನ ನೀರು ಬಂದಾಗ ಎಂಟೊಂಬತ್ತು ವರ್ಷದ ಹುಡುಗ ನಾನು."

"ಎಲ್ಲರೂ ಒಟ್ಟಿಗೆ ಮೇಲೆ ಬಂದಿರಾ?"

"ಬಂದ್ವಿ. ಗಾಡಿಗೆ ಹಂಚು, ತೊಲೆ, ಒರಳುಕಲ್ಲು ಎಲ್ಲಾ ಹೇರ್ಕಂಡು ಬಂದ್ವಿ. ಮನುಷ್ಯರಿಗೆ ಸರ್ಕಾರದೋರು ಹೇಳಿದ್ರು, ಗೊತ್ತಾಯ್ತು. ದನಕ್ಕೆ ಯಾರು ಹೇಳ್ತಾರೆ? ಹಗ್ಗ ಬಿಚ್ಚಿದ್ರೆ ಸಾಕು, ಸೀದಾ ಹಳೇ ಕೊಟ್ಟಿಗೆಗೆ ಓಡ್ತಿದ್ವು. ಅಲ್ಲಿ ಕೊಟ್ಟಿಗೆನೂ ಇರಲಿಲ್ಲ, ಬರೀ ಗೂಟ." ಅವನು ಎಲೆ ಸಂಚಿ ಬಿಚ್ಚಿದ. "ಗಂಗೆ ಅಂತ ಒಂದು ಕಂದು ಹಸ ಇತ್ತು. ನಮ್ಮಣ್ಣ ಕನ್ನಪ್ಪ ಕೈಯಾರೆ ಸಾಕಿದ್ದು. ಅದು ತಪ್ಪಿಸಿಕೊಂಡ ದಿನ ಜಡಿಮಳೆ, ನೀರು ಏರ್ತಾ ಇತ್ತು. ಅಣ್ಣ ಹುಡುಕ್ಕಂಡು ಇಳಿದ. ಅವ್ವ ಬೇಡ ಬೇಡ ಅಂತ ಕೂಗಿದ್ಲು. ಬೈಗಾಗೋ ಹೊತ್ತಿಗೆ ಹಸ ಗುಡ್ಡದ ಮೇಲಿನ ದಾರೀಲಿ ತಾನೇ ಮನೆಗೆ ಬಂತು. ಅಣ್ಣ ಬರ್ಲಿಲ್ಲ."

ಬಿಂದುಶ್ರೀ ಈ ಕಥೆ ಎಷ್ಟೋ ಸಲ ಕೇಳಿದವಳಂತೆ ಹಸುವಿನ ಕತ್ತು ತುರಿಸುತ್ತ ನಿಂತಿದ್ದಳು.

"ಈಜು ಬರ್ತಿತ್ತು ಅವನಿಗೆ," ಎಂದ ಹೂವಯ್ಯ. "ಆದರೆ ಬಲಗಾಲು ಸರಿ ಇರಲಿಲ್ಲವಲ್ಲ. ಗಾಡಿ ಚಕ್ರಕ್ಕೆ ಸಿಕ್ಕಿ ಮುರಿದು, ಆಮೇಲಿಂದ ಎಳೆದು ಹಾಕ್ತಿದ್ದ."

ಮೇಧಾಳ ಕೈ ನಿಂತುಹೋಯಿತು. ಹಸು ಕಾಲು ಕಿತ್ತುಕೊಂಡು ಕೆಳಗಿಟ್ಟಿತು. ಅವಳಿಗೆ ಗೊತ್ತೇ ಆಗಲಿಲ್ಲ.

"ಹೆಣ ಸಿಗಲಿಲ್ಲ. ಸಿಗದೆ ಹೇಗೆ ತಿಥಿ ಮಾಡೋದು ಅಂತ ಅಪ್ಪ ಮಾಡಲಿಲ್ಲ. ಅತ್ತಿಗೆ ಸಾಯೋವರೆಗೂ ಬಳೆ ತೆಗೀಲಿಲ್ಲ." ಅಷ್ಟು ಹೇಳಿ ಅವನು ಅವಳ ಮುಖ ನೋಡಿದ. "ಡಾಕ್ಟ್ರಮ್ಮ, ನೀವು ದಿನಾ ಆ ಸಂಕದ ಹತ್ತಿರ ಕೂರ್ತೀರಂತೆ. ಏನಾದರೂ ಕಂಡ್ರಾ?"

ಹೇಳಬಾರದೆಂದು ಅವಳಿಗೆ ಗೊತ್ತಿತ್ತು. ಆಟೋಗೈಡಿಂಗ್ ಎಂದರೇನು, ಗೆರೆ ಏಕೆ ಹಾರುತ್ತದೆ, ನೂರು ಕಾರಣ ಇರಬಹುದು ಎಂದೆಲ್ಲ ಸುತ್ತಿ ಬಳಸಿ ಶುರುಮಾಡಿದಳು. ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು. ಬಿಂದುಶ್ರೀ ಹಣೆಗೆ ಕೈ ಮುಟ್ಟಿಸಿಕೊಂಡು ಒಳಗೆ ಹೋದಳು. ಹೂವಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುತ್ತಲೇ ಇದ್ದ, ಎಲೆ ಬೆಳ್ಳಗಾಗುವಷ್ಟು.

"ಒಂದು ಸಲ ನನ್ನ ಕರ್ಕಂಡು ಹೋಗ್ತೀರಾ?" ಎಂದ.

ಅಮಾವಾಸ್ಯೆ ಹಿಂದಿನ ದಿನ ಅವಳು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಇಳಿದಳು. ಚಪ್ಪಡಿಯ ಮೇಲೆ ಟ್ರೈಪಾಡು ನಿಲ್ಲಿಸಿದಳು. ಹೂವಯ್ಯ ಕಂಬಳಿ ಹಾಸಿಕೊಂಡು ದೂರ ಕುಳಿತ. ಆಕಾಶದ ಕಡೆ ಒಮ್ಮೆಯೂ ನೋಡಲಿಲ್ಲ. ಧ್ರುವ ಸಿಕ್ಕಿತು, ಕಾವಲಿಗೊಂದು ನಕ್ಷತ್ರ ಸಿಕ್ಕಿತು, ಗೆರೆಗಳು ಹೊರಟವು. ಮೇಧಾ ಲ್ಯಾಪ್‌ಟಾಪನ್ನು ಅವನ ಮುಂದೆ ಇಟ್ಟು ಪಿಸುಗುಟ್ಟಿದಳು, "ಇದೇ ನೋಡಿ. ಯಾರೂ ಇಲ್ಲದಿದ್ದರೆ ಹೀಗೆ ಇರುತ್ತೆ."

ಅವನು ತಲೆಯಾಡಿಸಿದ. ಇಬ್ಬರೂ ಕಾದರು. ನೀರು ದಡಕ್ಕೆ ಮುಟ್ಟುವ ಸದ್ದು ಕೂಡ ಇರಲಿಲ್ಲ. ಎಲ್ಲೋ ಆಚೆ ದಡದಲ್ಲಿ ನಾಯಿಯೊಂದು ಬೊಗಳುತ್ತಿದ್ದುದು ಒಮ್ಮೆಲೇ ನಿಂತಿತು.

ಗೆರೆ ಹಾರಿತು.

"ಬಂತು," ಎಂದಳು ಮೇಧಾ.

ಎತ್ತರ, ಗಿಡ್ಡ. ಎತ್ತರ, ಗಿಡ್ಡ. ಹೂವಯ್ಯ ಪರದೆಗೆ ಮುಖ ತಂದು ನೋಡಿದ. ಅವನ ಬೆರಳು ತನ್ನಷ್ಟಕ್ಕೇ ತೊಡೆಯ ಮೇಲೆ ಆ ಲಯವನ್ನು ತಟ್ಟತೊಡಗಿತು, ಒಂದು ಸಲ ಜೋರಾಗಿ, ಒಂದು ಸಲ ಮೆಲ್ಲಗೆ. ಮಗುವಾಗಿದ್ದಾಗ ಆ ಹೆಗಲ ಮೇಲೆ ಕುಳಿತು ಹೋದವನಿಗೆ ಆ ಕುಲುಕು ಮರೆಯುತ್ತದೆಯೇ? ಅವನ ಕೆನ್ನೆ ಒದ್ದೆಯಾದದ್ದು ಪರದೆಯ ಬೆಳಕಿನಲ್ಲಿ ಕಂಡಿತು.

"ನಮ್ಮಣ್ಣನೇ," ಎಂದ.

ಹೆಜ್ಜೆ ಚಪ್ಪಡಿಗೆ ಹತ್ತಿರವಾಗುತ್ತಿತ್ತು. ಮುದುಕ ಮೊಳಕಾಲಿಗೆ ಕೈಯೂರಿ ಎದ್ದ. ಮೇಧಾ ಅವನ ತೋಳು ಹಿಡಿಯಲು ಹೋದಳು, ಅವನು ಬಿಡಿಸಿಕೊಂಡು ನೀರಿನ ಕಡೆಗೆ ತಿರುಗಿ, ಎರಡು ಕೈಯನ್ನೂ ಬಾಯಿಗೆ ಹಿಡಿದು, ಗದ್ದೆಯಾಚೆ ಇದ್ದವರನ್ನು ಊಟಕ್ಕೆ ಕರೆಯುವ ಹಾಗೆ ಕೂಗಿದ.

"ಅಣ್ಣಾ! ನಾನು, ಹೂವ! ಗಂಗೆ ಬಂತು ಕಣಾ! ಅವತ್ತೇ ಬೈಗಿಗೆ ಬಂತು! ಇನ್ನು ಹುಡುಕಬೇಡ, ಮನೆಗೆ ಬಾ!"

ಕೂಗು ನೀರಿನ ಮೇಲೆ ಹೋಗಿ, ಆಚೆ ಗುಡ್ಡಕ್ಕೆ ತಾಗಿ, ಮನೆಗೆ ಬಾ ಎಂಬಷ್ಟು ಮಾತ್ರ ತಿರುಗಿ ಬಂತು.

ಮೇಧಾ ಪರದೆ ನೋಡಿದಳು. ಎರಡೂ ಗೆರೆ ನೇರವಾಗಿದ್ದವು. ಸುಮ್ಮನೆ ನೇರ ಅಲ್ಲ, ಸ್ಕೇಲು ಇಟ್ಟು ಎಳೆದ ಹಾಗೆ. ಗ್ರಾಫಿನ ಗೆರೆ ಎಂದೂ ಹಾಗಿರುವುದಿಲ್ಲ. ಗಾಳಿಯಿಲ್ಲದಿದ್ದರೆ ನಕ್ಷತ್ರದ ಮಿನುಗಾದರೂ ಅದನ್ನು ನಡುಗಿಸುತ್ತಿರುತ್ತದೆ. ಅವಳು ಪ್ರೋಗ್ರಾಮು ಸ್ತಬ್ಧವಾಯಿತೇನೋ ಎಂದು ನೋಡಿದಳು. ಇಲ್ಲ, ನಡೆಯುತ್ತಿತ್ತು. ನೆಲ, ನೀರು, ಆಕಾಶ ಎಲ್ಲವೂ ಕಿವಿಗೊಟ್ಟು ನಿಂತಿದ್ದವು.

ಆಮೇಲೆ ಒಂದೇ ಒಂದು ಹೆಜ್ಜೆ ಬಿತ್ತು. ಗೆರೆ ಪರದೆಯಿಂದಾಚೆ ಹೋಯಿತು. ಚಪ್ಪಡಿಯ ಮೇಲೆ ಟ್ರೈಪಾಡು ಟಕ್ ಎಂದಿತು, ಅದನ್ನು ಅವಳು ಕಿವಿಯಾರೆ ಕೇಳಿದಳು. ನಕ್ಷತ್ರ ತಪ್ಪಿಹೋಯಿತೆಂದು ಲ್ಯಾಪ್‌ಟಾಪು ಬೀಪ್ ಬೀಪ್ ಎಂದು ಕೂಗಿಕೊಳ್ಳತೊಡಗಿತು. ಮೂಗಿಗೆ ಕೆಸರಿನ ವಾಸನೆ ಬಡಿಯಿತು. ದಂಡೆಯ ಒಣ ಕೆಸರಿನದಲ್ಲ, ಆಳದ, ಬಿಸಿಲು ಕಾಣದ ಕೆಸರಿನದು. ಅವಳ ಎಡಗಡೆಯ ಮೈ, ತೋಳಿನಿಂದ ಕೆನ್ನೆಯವರೆಗೆ, ತಣ್ಣಗಾಯಿತು. ಬಲಗಡೆ ಬೇಸಿಗೆಯ ಸೆಕೆ ಹಾಗೇ ಇತ್ತು. ಅವಳು ತಲೆ ಹೊರಳಿಸಲಿಲ್ಲ. ಆ ತಂಪು ನಿಧಾನವಾಗಿ ಅವಳನ್ನು ದಾಟಿ ಹಿಂದಕ್ಕೆ, ಜೀಪಿದ್ದ ಕಡೆಗೆ ಹೋಯಿತು.

"ನಡೀರಿ ಡಾಕ್ಟ್ರಮ್ಮ," ಎಂದ ಹೂವಯ್ಯ. ಅವನ ದನಿ ಸಮಾಧಾನವಾಗಿತ್ತು. "ಹೊತ್ತಾಯ್ತು."

ಅವಳು ಸಾಮಾನನ್ನು ಹೇಗೆ ಬಿಚ್ಚಿದಳೋ, ಮುಂದಿನ ಸೀಟಿನೆದುರು ಕಾಲಿಡುವ ಜಾಗಕ್ಕೆ ಹೇಗೆ ತುರುಕಿದಳೋ. ಹಿಂದುಗಡೆ ಇಡಲು ಅವಳಿಗೆ ಮನಸ್ಸಾಗಲಿಲ್ಲ. ಹೂವಯ್ಯ ಜೀಪಿನ ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತ. ಕಾಲು ಸರಿಯಿಲ್ಲದವರು ಹತ್ತಲು ಬೇಕಾಗುವಷ್ಟು ಹೊತ್ತು ನಿಂತ. ಆಮೇಲೆ ಬಾಗಿಲು ಹಾಕಿ, ಬಂದು ಮುಂದೆ ಕುಳಿತ.

ದಂಡೆ ಹತ್ತುವಾಗ ಅವಳು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟಳು. ಇಬ್ಬರು ಕೂತರೂ ಜೀಪು ಆ ಏರನ್ನು ಎರಡನೇ ಗೇರಿನಲ್ಲಿ ಹತ್ತುತ್ತಿತ್ತು. ಅಂದು ಮೊದಲನೆಯದಕ್ಕೆ ಇಳಿಸಬೇಕಾಯಿತು. ದಾರಿಯಲ್ಲಿ ಒಂದು ಸಲ ಹೂವಯ್ಯ, ಅವಳಿಗಲ್ಲ ಎಂಬುದು ಸ್ಪಷ್ಟವಾಗುವ ಹಾಗೆ, "ಈಗ ಡಾಂಬರು ಹಾಕಿದ್ದಾರೆ," ಎಂದ.

ಮನೆ ಮುಂದೆ ನಿಲ್ಲಿಸಿದಾಗ ಬಿಂದುಶ್ರೀ ಜಗಲಿಯಲ್ಲಿ ನಿಂತಿದ್ದಳು. "ಮಾವ, ದನ ಯಾವುದೂ ಮಲಗ್ತಾ ಇಲ್ಲ. ಆಗಲಿಂದ ನಿಂತೇ ಇದಾವೆ," ಎಂದಳು.

ಅಭ್ಯಾಸಬಲದಿಂದ ಮೇಧಾ ಕೊಟ್ಟಿಗೆಗೆ ಹೋದಳು. ದನಗಳೆಲ್ಲ ಎದ್ದು ನಿಂತು ಬಾಗಿಲ ಕಡೆಗೆ ಮುಖ ಮಾಡಿದ್ದವು. ಬೆದರಿದ ದನ ಕಿವಿ ಹಿಂದಕ್ಕೆ ಹಾಕುತ್ತದೆ, ಬಾಲ ಎತ್ತುತ್ತದೆ, ಉಚ್ಚೆ ಹೊಯ್ಯುತ್ತದೆ. ಇವು ಬೆದರಿರಲಿಲ್ಲ. ಕಿವಿಗಳೆಲ್ಲ ಮುಂದಕ್ಕಿದ್ದವು. ಅವಳ ಹಿಂದೆಯೇ ಹೂವಯ್ಯ ಬಂದು ಹೊಸ್ತಿಲಿನ ಒಂದು ಪಕ್ಕಕ್ಕೆ ಸರಿದು ನಿಂತ, ದಾರಿ ಬಿಟ್ಟವನಂತೆ. ಕೆಸರಿನ ವಾಸನೆ ಒಳಗೆ ಬಂತು. ಕೊನೆಯ ಗೂಟದಲ್ಲಿದ್ದ ಕಂದು ಕಡಸು, ಇನ್ನೂ ಯಾರಿಗೂ ಮೈ ಮುಟ್ಟಗೊಡದ ಪುಂಡು, ಕತ್ತು ಉದ್ದ ಮಾಡಿ, ನಾಲಿಗೆ ಚಾಚಿ, ಉಪ್ಪು ಹಿಡಿದ ಅಂಗೈಯನ್ನು ನೆಕ್ಕುವ ಹಾಗೆ ಖಾಲಿ ಗಾಳಿಯನ್ನು ನೆಕ್ಕತೊಡಗಿತು. ನೆಕ್ಕಿ ನೆಕ್ಕಿ, ಮುಂಗಾಲು ಮಡಿಸಿ, ನಿಟ್ಟುಸಿರು ಬಿಟ್ಟು ಮಲಗಿತು. ಒಂದೊಂದಾಗಿ ಉಳಿದವೂ ಮಲಗಿದವು.

ಮೇಧಾ ಅಲ್ಲಿಂದ ಹೇಗೆ ಹೊರಟಳೆಂದು ಅವಳಿಗೇ ನೆನಪಿಲ್ಲ. ಮನೆ ಸೇರಿ ದೀಪವನ್ನೆಲ್ಲ ಹಾಕಿ ಬೆಳಗಿನವರೆಗೆ ಕುಳಿತಳು. ಸುಘೋಷನಿಗೆ ಫೋನು ಮಾಡಿ, "ಸುಘೋಷಣ್ಣ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅವನು ಹೆದರಿ ಸಾಗರದಿಂದ ಬೈಕಿನಲ್ಲಿ ಬಂದು, ಕಾಫಿ ಮಾಡಿ ಕೊಟ್ಟು, ಬಿಸಿಲೇರುವವರೆಗೆ ಜೊತೆಗಿದ್ದು ಹೋದ.

ಮೂರು ವಾರ ಅವಳು ಟೆಲಿಸ್ಕೋಪು ಮುಟ್ಟಲಿಲ್ಲ. ಮಳೆ ಹಿಡಿಯುವ ಮೊದಲು ಇನ್ನೊಮ್ಮೆ, ಈ ಸಲ ಸುಘೋಷನ ಜೊತೆ, ಚಪ್ಪಡಿಯ ಹತ್ತಿರ ಹೋದಳು. ಗೆರೆಗಳು ಎಂದಿನ ಸಣ್ಣ ನಡುಕದಲ್ಲಿ ಹರಿದವು, ಯಾವುದೂ ಹಾರಲಿಲ್ಲ. ಚಿತ್ರದ ಮೇಲೆ ಚಿತ್ರ ಬಂದವು, ಎಲ್ಲವೂ ಚೊಕ್ಕ. ಸುಘೋಷ ಅವನ್ನೆಲ್ಲ ಒಂದರ ಮೇಲೊಂದು ಸೇರಿಸಿ ದೊಡ್ಡದಾಗಿ ಮುದ್ರಿಸಿಕೊಟ್ಟ. ಗ್ಯಾಲಕ್ಸಿಯ ತೋಳುಗಳಲ್ಲಿ ಗುಲಾಬಿ ಬಣ್ಣದ ಚುಕ್ಕಿಗಳು ಸಹ ಕಾಣುತ್ತಿದ್ದವು. ಅವಳು ಅದನ್ನು ಗೋಡೆಗೆ ಹಾಕಿದಳು.

ಹೂವಯ್ಯ ಅಣ್ಣನ ತಿಥಿ ಮಾಡಿದ. ಊರಿನ ಹಿರಿಯರು ಇಷ್ಟು ವರ್ಷದ ಮೇಲೆ ಯಾಕೆ ಎಂದರಂತೆ. "ಈಗ ಬಂದ, ಅದಕ್ಕೆ," ಎಂದನಂತೆ. ಮೇಧಾಳನ್ನು ಊಟಕ್ಕೆ ಕರೆದಿದ್ದರು. ಬಿಂದುಶ್ರೀ ಬಡಿಸುತ್ತ, ಮಾವ ಈಗ ರಾತ್ರಿ ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಹಾಕಲು ಬಿಡುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಕಂದು ಕಡಸು ಈಗ ಯಾರು ಹೋದರೂ ಮೈ ಮುಟ್ಟಗೊಡುತ್ತದಂತೆ.

ಹೊರಡುವಾಗ ಹೂವಯ್ಯ ಜೀಪಿನವರೆಗೆ ಬಂದ. ಮುಂಗಾರಿನ ಮೊದಲ ಮೋಡಗಳು ಕಟ್ಟಿದ್ದವು. ಕೆಳಗೆ ನೀರು ಕಂದಾಗಿ, ಚಪ್ಪಡಿಯ ಹತ್ತಿರ ಹತ್ತಿರಕ್ಕೆ ಏರಿತ್ತು.

"ಬರೋ ಬೇಸಿಗೆಗೂ ಆ ಮಿಷನ್ ಇಡ್ತೀರಲ್ಲ ಡಾಕ್ಟ್ರಮ್ಮ?"

"ನೋಡೋಣ ಹೂವಯ್ಯನವರೇ. ಈಗಂತೂ ಅಲ್ಲಿ ಏನೂ ಇಲ್ಲವಲ್ಲ."

"ಸಂಕದ ಹತ್ತಿರ ಇಲ್ಲ," ಎಂದ ಅವನು, ನೀರಿನ ಕಡೆಗೆ ನೋಡುತ್ತ. "ಇನ್ನೂ ಕೆಳಗೆ, ನೀರು ಪೂರ್ತಿ ಇಳಿದರೆ, ಊರೊಳಗೇ ಇಟ್ಟು ನೋಡಬೇಕು. ಆ ವರ್ಷ ವಾಪಸು ಬರದೇ ಇದ್ದವನು ನಮ್ಮಣ್ಣ ಒಬ್ಬನೇ ಅಲ್ಲ."

ಮೇಧಾ ಕೀ ತಿರುಗಿಸಿದಳು. ಇಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದಳು. "ಯಾರ ಹೆಸರು ಹಿಡಿದು ಕರೀಬೇಕು ಅಂತ ಆಗ ನೀವೇ ಬಂದು ಹೇಳಬೇಕು," ಎಂಬ ಮಾತು ಬಂತು. ಮುದುಕ ಹೂಂ ಎಂದು ತಲೆಯಾಡಿಸಿದ. ಮಳೆಯ ಮೊದಲ ಹನಿಗಳು ಗಾಜಿನ ಮೇಲೆ ಬಿದ್ದವು, ಅವಳು ಗಾಡಿಯನ್ನು ದಂಡೆಯ ದಾರಿ ಬಿಟ್ಟು ಮೇಲಿನ ರಸ್ತೆಗೆ ತಿರುಗಿಸಿದಳು.